ಮನೆ ಇಂಟರ್ನೆಟ್‌ನಲ್ಲಿ ಅಪ್‌ಲೋಡ್ ಯಾಕಿಷ್ಟು ಕಮ್ಮಿ, ಐಪಿ ಅಡ್ರೆಸ್ ಯಾರದು

(ನಮ್ಮ ಏರಿಯಾದ ಅಪಾರ್ಟ್‌ಮೆಂಟ್‌ನೋರು, ಅಂಗಡಿಯೋರು ಸೇರ್ಕೊಂಡು ಒಂದು ಭಾನುವಾರ ಇಟ್ಕೊಂಡಿದ್ದ ಮಾತುಕತೆಯಲ್ಲಿ ನಾನು ಹೇಳಿದ್ದು ಇದು. ಮಾತಾಡಿದ ಹಾಗೇ ಬರ್ದಿದೀನಿ, ಮಧ್ಯೆ ಬಂದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರ್ಸಿದೀನಿ.)

ಎಲ್ರಿಗೂ ನಮಸ್ಕಾರ. ಮೊದ್ಲು ನಾನೇ ಒಂದು ಪ್ರಶ್ನೆ ಕೇಳ್ತೀನಿ, ನಿಮ್ಮನೆ ಇಂಟರ್ನೆಟ್ ಸ್ಪೀಡ್ ಎಷ್ಟು? (100, 150, 200 ಅಂತ ತುಂಬಾ ಉತ್ತರ ಬಂತು.) ಸರಿ, ಅದು ಡೌನ್‌ಲೋಡು, ಅಪ್‌ಲೋಡ್ ಎಷ್ಟು? ಈಗ ಕೈ ಎತ್ತಿದ್ದು ಒಬ್ರೇ, ಅವ್ರು ಫೋಟೋ ಸ್ಟುಡಿಯೋ ನಡ್ಸೋರು. ಅವ್ರಿಗೆ ಗೊತ್ತಿರೋಕೆ ಕಾರಣ ಇದೆ, ಮದುವೆ ವಿಡಿಯೋನ ಎಡಿಟಿಂಗ್‌ಗೆ ಕಳ್ಸೋದು ಅವ್ರ ದಿನನಿತ್ಯದ ಕೆಲ್ಸ. ಲೆಕ್ಕ ಹಾಕಿ ನೋಡೋಣ. ಅಪ್‌ಲೋಡ್ 10 ಎಂಬಿಪಿಎಸ್ ಅಂದ್ರೆ ಅದು ಬಿಟ್ ಲೆಕ್ಕ, ಎಂಟರಿಂದ ಭಾಗಿಸಿದ್ರೆ ಸೆಕೆಂಡಿಗೆ 1.25 ಎಂಬಿ. 10 ಜಿಬಿ ಫೈಲ್ ಒಂದು ಹೋಗೋಕೆ 8000 ಸೆಕೆಂಡು, ಅಂದ್ರೆ 2 ಗಂಟೆ 13 ನಿಮಿಷ, ಅದೂ ಎಲ್ಲಾ ಸರಿ ಇದ್ದು ಮನೇಲಿ ಬೇರೆ ಯಾರೂ ಏನೂ ಕಳ್ಸದೇ ಇದ್ರೆ. ಒಂದು ಮದುವೆಯ ಪೂರ್ತಿ ಫೂಟೇಜು 200 ಜಿಬಿ ಇದ್ರೆ 44 ಗಂಟೆ. ಅದಕ್ಕೇ ಇವತ್ತಿಗೂ ಸ್ಟುಡಿಯೋದೋರು ಹಾರ್ಡ್ ಡಿಸ್ಕನ್ನ ಬಸ್ಸಲ್ಲಿ ಪಾರ್ಸಲ್ ಹಾಕೋದು. ಮನೇಗೆ 200ರ ಕನೆಕ್ಷನ್ ಇದ್ರೂ ಕೂಡ.

ಇದನ್ನ ಆಪರೇಟರ್‌ಗೆ ಕೇಳಿದ್ರೆ ಬರೋ ಉತ್ತರ ಒಂದೇ, "ಅದು ಟೆಕ್ನಿಕಲ್ ಸಾರ್, ಎಲ್ಲರಿಗೂ ಅಷ್ಟೇ". ಮನೆ ಸಿಸಿಟಿವಿ ಹೊರಗಡೆಯಿಂದ ಓಪನ್ ಆಗ್ತಿಲ್ಲ, ಸ್ವಂತ ಐಪಿ, ಅಂದ್ರೆ ಇಂಟರ್ನೆಟ್‌ನಲ್ಲಿ ನಮ್ಮ ಕನೆಕ್ಷನ್ನಿನ ವಿಳಾಸದ ನಂಬರು, ಕೊಡಿ ಅಂದ್ರೂ ಅದೇ ಉತ್ತರ. ನಾನು ಇವತ್ತು ಹೇಳೋಕೆ ಬಂದಿರೋದು ಇಷ್ಟೇ, ಆ ಟೆಕ್ನಿಕಲ್ ಅನ್ನೋದ್ರಲ್ಲಿ ನಿಜವಾಗ್ಲೂ ತಂತಿಯ ಕಷ್ಟ ಎಷ್ಟು, ಯಾರೋ ಕೂತು ಮಾಡಿದ ತೀರ್ಮಾನ ಎಷ್ಟು ಅನ್ನೋದನ್ನ ಬಿಡಿಸಿ ನೋಡ್ಬೇಕು. ತಂತಿ ಕಷ್ಟಕ್ಕೆ ಕಾಯ್ಬೇಕಾಗುತ್ತೆ, ತೀರ್ಮಾನವನ್ನ ಬದಲಾಯಿಸಿ ಅಂತ ಕೇಳ್ಬಹುದು.

ತಂತಿಯಿಂದ ಶುರು ಮಾಡ್ತೀನಿ, ಅದಕ್ಕೆ ಅಮೆರಿಕಕ್ಕೆ ಹೋಗ್ಬೇಕು, ಯಾಕಂದ್ರೆ ಕೇಬಲ್ ಟಿವಿ ತಂತಿ ಮೇಲೆ ಇಂಟರ್ನೆಟ್ ಕೊಡೋ ಪದ್ಧತಿ ಗಟ್ಟಿಯಾಗಿದ್ದು ಅಲ್ಲಿ. ಕೇಬಲ್‌ಲ್ಯಾಬ್ಸ್ ಅನ್ನೋ ಸಂಸ್ಥೆ 1997ರಲ್ಲಿ ಡಾಕ್ಸಿಸ್ ಅಂತ ಒಂದು ಸ್ಟ್ಯಾಂಡರ್ಡ್ ತಂತು, ಇವತ್ತಿಗೂ ಅಲ್ಲಿ ಕೋಟ್ಯಂತರ ಮನೆಗಳ ಕೇಬಲ್ ಮೋಡೆಮ್ ಓಡ್ತಿರೋದು ಅದ್ರ ಮುಂದಿನ ಆವೃತ್ತಿಗಳ ಮೇಲೆ. ಈಗ ಆ ತಂತಿ ಹಾಕಿದ್ದು ಯಾತಕ್ಕೆ? ಟಿವಿಗೆ. ಎಲ್ಲಾ ಚಾನೆಲ್ಲೂ ಊರ ಕಡೆಯಿಂದ ಮನೆ ಕಡೆ ಬರ್ಬೇಕು, ಮನೆಯಿಂದ ವಾಪಸ್ ಹೋಗೋಕೆ ಏನೂ ಇರ್ಲಿಲ್ಲ. ಅಮೆರಿಕದಲ್ಲಿ ಟಿವಿಯ 2ನೇ ಚಾನೆಲ್ 54 ಮೆಗಾಹರ್ಟ್ಸ್‌ನಿಂದ ಶುರುವಾಗುತ್ತೆ, ಅದ್ರ ಮೇಲೆಲ್ಲಾ ಟಿವಿ ತುಂಬ್ಕೊಂಡಿತ್ತು, ಹಂಗಾಗಿ ಮನೆಯಿಂದ ವಾಪಸ್ ಹೋಗೋ ಸಿಗ್ನಲ್‌ಗೆ ಕೆಳಗೆ ಉಳಿದಿದ್ದ 5ರಿಂದ 42 ಮೆಗಾಹರ್ಟ್ಸ್ ಕೊಟ್ರು. ಬರೋದಕ್ಕೆ 54ರಿಂದ 1002ರವರೆಗೆ, ಅಂದ್ರೆ 948, ಹೋಗೋದಕ್ಕೆ 37. ಒಂದಕ್ಕೆ ಇಪ್ಪತ್ತೈದರ ಲೆಕ್ಕ. ಅಪ್‌ಲೋಡ್ ಕಮ್ಮಿ ಇರೋದ್ರ ಬೇರು ಅಲ್ಲೇ ಇದೆ.

ಆ 37 ಮೆಗಾಹರ್ಟ್ಸ್ ಸಹ ಚೊಕ್ಕವಾಗಿ ಸಿಗಲ್ಲ. ಶಾರ್ಟ್ ವೇವ್ ರೇಡಿಯೋ, ಹ್ಯಾಮ್ ರೇಡಿಯೋ, ಮೋಟಾರುಗಳ ಕಿಡಿ ಇವೆಲ್ಲಾ ಅದೇ ಜಾಗದಲ್ಲಿ ಗಲಾಟೆ ಮಾಡೋದು, ಒಂದು ಮನೇಲಿ ಕನೆಕ್ಟರ್ ಸಡಿಲ ಇದ್ರೆ ಸಾಕು ಆ ಗಲಾಟೆ ತಂತಿ ಒಳಗೆ ನುಗ್ಗುತ್ತೆ. ಡೌನ್‌ಲೋಡ್ ದಿಕ್ಕಲ್ಲಿ ಅದು ಆ ಒಂದು ಮನೇಗೆ ಮಾತ್ರ ತೊಂದ್ರೆ, ಅಪ್‌ಲೋಡ್ ದಿಕ್ಕಲ್ಲಿ ಹಂಗಲ್ಲ, ಒಂದು ನೋಡ್‌ಗೆ, ಅಂದ್ರೆ ಏರಿಯಾದ ತಂತಿಗಳೆಲ್ಲಾ ಬಂದು ಕೂಡೋ ಡಬ್ಬಿಗೆ, ಸೇರಿದ ನೂರಾರು ಮನೆಗಳ ನಾಯ್ಸ್ ಎಲ್ಲಾ ಒಟ್ಟಿಗೆ ಕೂಡ್ಕೊಂಡು ಆ ಕಡೆ ಇರೋ ಯಂತ್ರಕ್ಕೆ ಹೋಗಿ ಸೇರುತ್ತೆ. ಎಲ್ಲೋ ಬೀದಿ ಕೊನೆ ಮನೆಯ ಹಳೇ ಸ್ಪ್ಲಿಟರ್‌ನಿಂದ ನಿಮ್ಮ ವಿಡಿಯೋ ಕಾಲ್ ಒಡೆಯುತ್ತೆ. ಅದಕ್ಕೇ ಅಪ್‌ಲೋಡ್‌ಗೆ ನಿಧಾನವಾದ ಆದ್ರೆ ಗಟ್ಟಿಯಾದ ಕೋಡಿಂಗ್ ಬಳಸ್ಬೇಕಾಯ್ತು.

ಇನ್ನೊಂದು ತೊಡಕು, ಮೇಲಿಂದ ಮಾತಾಡೋದು ಒಂದೇ ಯಂತ್ರ, ಕೆಳಗಿಂದ ಮಾತಾಡೋರು ನೂರಾರು ಮೋಡೆಮ್ಮು, ಇಬ್ರು ಒಟ್ಟಿಗೆ ಮಾತಾಡಿದ್ರೆ ಎರಡೂ ಹಾಳು. ಅದಕ್ಕೆ ಪ್ರತಿ ಮೋಡೆಮ್ಮೂ ಮೊದ್ಲು "ನನ್ ಹತ್ರ ಇಷ್ಟು ಡೇಟಾ ಇದೆ, ಸಮಯ ಕೊಡು" ಅಂತ ಕೇಳುತ್ತೆ, ಆ ಕಡೆಯ ಯಂತ್ರ ಯಾರ್ಯಾರು ಯಾವ ಕ್ಷಣದಲ್ಲಿ ಕಳಿಸ್ಬೇಕು ಅಂತ ಒಂದು ಪಟ್ಟಿ ಕಳ್ಸುತ್ತೆ, ಆ ಪಟ್ಟಿಯ ಒಂದೊಂದು ತುಣುಕು ಮೈಕ್ರೊ ಸೆಕೆಂಡ್ ಲೆಕ್ಕದಲ್ಲಿ ಇರುತ್ತೆ. ನೀವು ಒಂದು ವಾಟ್ಸಾಪ್ ಫೋಟೋ ಕಳ್ಸಿದ್ರೂ ಈ ಕೇಳೋದು ಕೊಡೋದು ನಡೀತಾನೇ ಇರುತ್ತೆ. ನನಗಂತೂ ಇದು ಬಹಳ ಚೆಂದ ಅನ್ಸುತ್ತೆ, ನೂರಾರು ಮನೆಗಳು ಒಬ್ಬರ ಮೇಲೊಬ್ರು ಬೀಳದೇ ಒಂದೇ ತಂತಿ ಹಂಚ್ಕೊಳ್ಳೋದು.

ಇಷ್ಟೆಲ್ಲಾ ತಂತಿಯ ಕಷ್ಟ, ಒಪ್ಕೊಳ್ಳೋಣ. ಇದ್ರ ಮೇಲೆ ಇನ್ನೊಂದು ಪದರ ಇದೆ, ಅದು ತೀರ್ಮಾನದ್ದು. ಕೇಬಲ್ ಮೋಡೆಮ್ ಆನ್ ಮಾಡಿದ ತಕ್ಷಣ ಅದು ಕಂಪನಿಯ ಸರ್ವರ್‌ನಿಂದ ಒಂದು ಚಿಕ್ಕ ಕಾನ್ಫಿಗ್ ಫೈಲ್ ಇಳಿಸ್ಕೊಳ್ಳುತ್ತೆ, ಅದ್ರಲ್ಲಿ ಈ ಮನೇಗೆ ಗರಿಷ್ಠ ಅಪ್‌ಲೋಡ್ ಇಷ್ಟು ಅಂತ ಬರ್ದಿರುತ್ತೆ. ಆ ಸಂಖ್ಯೆ ಬದಲಾಯಿಸೋಕೆ ಯಾರೂ ಕಂಬ ಹತ್ತಬೇಕಾಗಿಲ್ಲ. ಅಮೆರಿಕದಲ್ಲಿ 1 ಗಿಗಾ ಡೌನ್‌ಲೋಡ್, ಅಪ್‌ಲೋಡ್ ಬರೀ 35 ಎಂಬಿಪಿಎಸ್ ಅನ್ನೋ ಪ್ಲ್ಯಾನುಗಳು ವರ್ಷಗಟ್ಟಲೆ ನಡೆದ್ವು, ಅಲ್ಲಿರೋ ನಮ್ಮ ಕನ್ನಡದೋರನ್ನ ಕೇಳಿ, 2020ರಲ್ಲಿ ಮನೆಯಿಂದ ಕೆಲ್ಸ ಶುರುವಾದಾಗ ಗಂಡ ಹೆಂಡತಿ ಇಬ್ರದ್ದೂ ಮೀಟಿಂಗು, ಮಕ್ಕಳ ಆನ್‌ಲೈನ್ ಕ್ಲಾಸು ಎಲ್ಲಾ ಆ 35ರಲ್ಲೇ, ಕೆಲವ್ರ ಮನೇಲಿ 10ರಲ್ಲೇ ಆಗ್ಬೇಕಿತ್ತು.

ಇಲ್ಲಿ ಒಂದು ಪ್ರಸಂಗ ಹೇಳ್ಲೇಬೇಕು. 2007ರಲ್ಲಿ ರಾಬ್ ಟೊಪೋಲ್‌ಸ್ಕಿ ಅನ್ನೋರು, ನೆಟ್‌ವರ್ಕ್ ಗೊತ್ತಿದ್ದ ಮನುಷ್ಯ, ಹಳೇ ಕಾಲದ, ನಾಲ್ಕು ಜನ ಸೇರಿ ವಾದ್ಯ ಇಲ್ಲದೇ ಹಾಡೋ ಹಾಡುಗಳ ರೆಕಾರ್ಡಿಂಗನ್ನ ಬಿಟ್‌ಟೊರೆಂಟಲ್ಲಿ, ಅಂದ್ರೆ ಜನ ತಮ್ಮ ಕಂಪ್ಯೂಟರಿಂದ್ಲೇ ಒಬ್ರಿಗೊಬ್ರು ಫೈಲ್ ಕೊಡೋ ವ್ಯವಸ್ಥೆಯಲ್ಲಿ, ಹಂಚೋಕೆ ಹೊರಟ್ರು. ಡೌನ್‌ಲೋಡ್ ಸರಿ ಆಗ್ತಿದೆ, ಅಪ್‌ಲೋಡ್ ಮಾತ್ರ ಕಟ್ ಆಗ್ತಿದೆ. ಪ್ಯಾಕೆಟ್‌ಗಳನ್ನ, ಅಂದ್ರೆ ಡೇಟಾ ಹೋಗೋ ಚಿಕ್ಕ ಚಿಕ್ಕ ಕಟ್ಟುಗಳನ್ನ, ಹಿಡಿದು ನೋಡಿದ್ರೆ, ಮಧ್ಯೆ ಯಾರೋ ಕನೆಕ್ಷನ್ ಮುಗೀತು ಅಂತ ನಕಲಿ ರೀಸೆಟ್ ಪ್ಯಾಕೆಟ್ ತೂರಿಸ್ತಿದ್ದಾರೆ. ಹಾಗೆ ಮಾಡ್ತಿದ್ದದ್ದು ಅವ್ರಿಗೆ ಇಂಟರ್ನೆಟ್ ಕೊಡ್ತಿದ್ದ ಕೇಬಲ್ ಕಂಪನಿ ಕಾಮ್‌ಕಾಸ್ಟೇ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಬೈಬಲ್ ಫೈಲ್ ಇಟ್ಕೊಂಡು ತಾನೇ ಟೆಸ್ಟ್ ಮಾಡಿ ಅದೇ ಆಗ್ತಿದೆ ಅಂತ ಬರೀತು. 2008ರ ಆಗಸ್ಟ್‌ನಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಇದು ತಪ್ಪು ಅಂತ ಆದೇಶ ಮಾಡ್ತು, 2010ರಲ್ಲಿ ಕೋರ್ಟು ಎಫ್‌ಸಿಸಿಗೆ ಆ ಅಧಿಕಾರ ಇಲ್ಲ ಅಂತ ಆದೇಶ ರದ್ದು ಮಾಡ್ತು, ಆ ಜಗಳ ಬೇರೆ ದಾರಿ ಹಿಡೀತು. ಕಾಮ್‌ಕಾಸ್ಟ್ 2008ರ ಅಕ್ಟೋಬರ್‌ನಿಂದ ತಿಂಗಳಿಗೆ 250 ಜಿಬಿ ಅಂತ ಮಿತಿ ಇಟ್ಟಿತು, ಅಪ್‌ಲೋಡೂ ಡೌನ್‌ಲೋಡೂ ಸೇರಿ. ನಾನು ಇದನ್ನ ಹೇಳ್ತಿರೋದು ಯಾಕಂದ್ರೆ ಅಪ್‌ಲೋಡ್ ತಂತಿ ಚಿಕ್ಕದು, ಅದನ್ನ ಕೆಲವ್ರು ತುಂಬಿಸ್ಬಿಟ್ರೆ ಉಳಿದೋರಿಗೆ ಕಷ್ಟ, ಇದು ನಿಜ. ಆದ್ರೆ ಆ ನಿಜ ಇಟ್ಕೊಂಡು ಗ್ರಾಹಕರಿಗೆ ಹೇಳದೇ ಕದ್ದು ಕಟ್ ಮಾಡೋದು ಬೇರೆ, ಇಷ್ಟು ಮಿತಿ ಅಂತ ಬರ್ದು ಹೇಳೋದು ಬೇರೆ. ಆ ವ್ಯತ್ಯಾಸ ಹೊರಗೆ ಬಂದಿದ್ದು ಮನೇಲಿ ಕೂತು ಪ್ಯಾಕೆಟ್ ನೋಡಿದ ಒಬ್ಬ ಗ್ರಾಹಕರಿಂದ.

ಒಬ್ರು ಮೇಡಂ ಕೇಳಿದ್ರು, "ನಾವು ಅಪ್‌ಲೋಡ್ ಮಾಡೋದೇ ಇಲ್ಲ, ಬರೀ ನೋಡೋದು, ನಮಗ್ಯಾಕೆ ಇದು?" ಒಳ್ಳೇ ಪ್ರಶ್ನೆ. ನೀವು ಡೌನ್‌ಲೋಡ್ ಮಾಡುವಾಗ್ಲೂ ಅಪ್‌ಲೋಡ್ ನಡೀತಿರುತ್ತೆ ಮೇಡಂ. ಬಂದ ಪ್ಯಾಕೆಟ್‌ಗಳಿಗೆ ಬಂತು ಅಂತ ಒಂದು ರಸೀದಿ ವಾಪಸ್ ಹೋಗ್ಬೇಕು, ಸಾಮಾನ್ಯವಾಗಿ ಎರಡು ದೊಡ್ಡ ಪ್ಯಾಕೆಟ್‌ಗೆ ಒಂದು ಚಿಕ್ಕ ರಸೀದಿ, ಹೆಚ್ಚು ಕಮ್ಮಿ ಐವತ್ತಕ್ಕೆ ಒಂದರ ಲೆಕ್ಕ. 100 ಎಂಬಿಪಿಎಸ್ ಡೌನ್‌ಲೋಡ್ ಪೂರ್ತಿ ಸಿಗ್ಬೇಕಂದ್ರೆ ಸುಮಾರು 2 ಎಂಬಿಪಿಎಸ್ ಅಪ್‌ಲೋಡ್ ರಸೀದಿಗೇ ಬೇಕು. ಈಗ ಮಗಳ ಫೋನು ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಶುರು ಮಾಡ್ತು ಅಂತಿಟ್ಕೊಳ್ಳಿ, ಅಪ್‌ಲೋಡ್ ತುಂಬ್ಕೊಂಡ್ತು, ರಸೀದಿಗಳು ಆ ಫೋಟೋಗಳ ಹಿಂದೆ ಕ್ಯೂನಲ್ಲಿ ನಿಂತ್ಕೊಂಡ್ವು, ನಿಮ್ಮ ಸಿನಿಮಾ ಗಿರಗಿರ ಸುತ್ತೋಕೆ ಶುರು. ಸ್ಪೀಡ್ ಟೆಸ್ಟ್ ಮಾಡಿದ್ರೆ ಡೌನ್‌ಲೋಡ್ ಕಮ್ಮಿ ತೋರಿಸುತ್ತೆ, ನೀವು ಡೌನ್‌ಲೋಡ್ ಪ್ರಾಬ್ಲಂ ಅಂತ ಕಂಪ್ಲೇಂಟ್ ಮಾಡ್ತೀರಾ, ಅವ್ರು ಬಂದು ಹೋಗ್ತಾರೆ, ಅಷ್ಟೊತ್ತಿಗೆ ಬ್ಯಾಕಪ್ ಮುಗಿದಿರುತ್ತೆ, ಎಲ್ಲಾ ಸರಿ ಇರುತ್ತೆ.

ಆ ಕ್ಯೂ ಬಗ್ಗೆ ಒಂದು ಮಾತು. ಮೆಮೊರಿ ಅಗ್ಗ ಆದ ಮೇಲೆ ಮೋಡೆಮ್, ರೌಟರ್ ಮಾಡೋರು ಪ್ಯಾಕೆಟ್ ಒಂದೂ ಕಳ್ಕೋಬಾರ್ದು ಅಂತ ಉದ್ದುದ್ದ ಬಫರ್, ಅಂದ್ರೆ ಪ್ಯಾಕೆಟ್ ಕಾಯೋ ಜಾಗ, ಇಟ್ರು, ಅದ್ರಿಂದ ಆಗಿದ್ದು ಪ್ಯಾಕೆಟ್‌ಗಳು ಸೆಕೆಂಡುಗಟ್ಟಲೆ ಒಳಗೇ ಕೂತ್ಕೊಳ್ಳೋದು. ಜಿಮ್ ಗೆಟಿಸ್ ಅನ್ನೋ ಪ್ರೋಗ್ರಾಮರ್ ತಮ್ಮ ಮನೆಯ ಕೇಬಲ್ ಕನೆಕ್ಷನ್‌ನಲ್ಲೇ ದೊಡ್ಡ ಫೈಲ್ ಕಳ್ಸುವಾಗ ಇದನ್ನ ಹಿಡಿದು ಬಫರ್‌ಬ್ಲೋಟ್ ಅಂತ ಹೆಸರಿಟ್ರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್, ವ್ಯಾನ್ ಜೇಕಬ್‌ಸನ್ ಇಬ್ರು ಕೋಡೆಲ್ ಅನ್ನೋ ಉಪಾಯ ಕೊಟ್ರು, ಪ್ಯಾಕೆಟ್ ಎಷ್ಟು ಹೊತ್ತು ಕ್ಯೂನಲ್ಲಿದೆ ಅಂತ ನೋಡಿ ತಡ ಆದ್ರೆ ಕೆಲವನ್ನ ಬಿಸಾಕೋದು, ಕಳಿಸೋರು ತಾವೇ ನಿಧಾನ ಮಾಡ್ಕೋತಾರೆ. ಡಾಕ್ಸಿಸ್ 3.1 ಮೋಡೆಮ್‌ಗಳಲ್ಲಿ ಇಂಥದ್ದೇ ಒಂದು ವಿಧಾನ ಕಡ್ಡಾಯ ಮಾಡಿದ್ರು. ನಿಮ್ಮ ರೌಟರ್ ಸೆಟ್ಟಿಂಗ್‌ನಲ್ಲಿ ಸ್ಮಾರ್ಟ್ ಕ್ಯೂ ಅಥ್ವಾ ಎಸ್‌ಕ್ಯೂಎಂ ಅಂತ ಇದ್ರೆ ಆನ್ ಮಾಡಿ, ಅಪ್‌ಲೋಡ್ ಮಿತಿನ ನಿಜವಾಗಿ ಸಿಗೋ ಸ್ಪೀಡ್‌ಗಿಂತ ಸ್ವಲ್ಪ ಕೆಳಗೆ ಇಡಿ. ಆಪರೇಟರ್ ಏನೂ ಮಾಡದಿದ್ರೂ ನಿಮ್ಮ ಕೈಲೇ ಆಗೋ ಕೆಲ್ಸ ಇದು, ವಿಡಿಯೋ ಕಾಲ್ ಮಾಡೋ ಮನೇಲಿ ವ್ಯತ್ಯಾಸ ತಕ್ಷಣ ಗೊತ್ತಾಗುತ್ತೆ.

ಈಗ ನಮ್ಮೂರಿಗೆ ಬರೋಣ. ನಮ್ಮಲ್ಲಿ ಕೇಬಲ್‌ನೋರು ಕೊಡೋ ಇಂಟರ್ನೆಟ್ ಹೆಚ್ಚಿನ ಕಡೆ ಆ ಡಾಕ್ಸಿಸ್ ಅಲ್ಲ. ಕೆಲವು ದೊಡ್ಡ ಕಂಪನಿಗಳು ಡಾಕ್ಸಿಸ್ ಹಾಕಿದ್ವು, ಆದ್ರೆ ಬೆಂಗಳೂರಿನ ಬೀದಿಗಳಲ್ಲಿ ಜಾಸ್ತಿ ನಡೆದಿದ್ದು ಬಿಲ್ಡಿಂಗ್ ತನಕ ಫೈಬರು, ಅಲ್ಲಿಂದ ಮನೇಗೆ ನೀಲಿ ಲ್ಯಾನ್ ಕೇಬಲ್ಲು, ಮರದಿಂದ ಮರಕ್ಕೆ, ಟೆರೇಸಿಂದ ಟೆರೇಸಿಗೆ. ಈಗ ಅದೂ ಹೋಗಿ ಫೈಬರ್ ನೇರ ಮನೆ ಒಳಗೇ ಬಂದಿದೆ. ನಿಮ್ಮನೆ ಗೋಡೆ ಮೇಲಿನ ಒಎನ್‌ಯು, ಅಂದ್ರೆ ಫೈಬರ್ ಬಂದು ಸೇರೋ ಡಬ್ಬಿ ನೋಡಿ, ಒಂದೇ ಎಳೆ ಫೈಬರಲ್ಲಿ ಕೇಬಲ್ ಟಿವಿ 1550 ನ್ಯಾನೊಮೀಟರ್ ಬೆಳಕಲ್ಲಿ ಬರುತ್ತೆ, ಇಂಟರ್ನೆಟ್ 1490ರಲ್ಲಿ ಬರುತ್ತೆ, ನೀವು ಕಳ್ಸೋದು 1310ರಲ್ಲಿ ಹೋಗುತ್ತೆ, ಮೂರೂ ಒಂದಕ್ಕೊಂದು ತಾಗಲ್ಲ. ಒಂದೇ ಫೈಬರನ್ನ ಹಲವು ಮನೇಗೆ ಹಂಚೋ ಪದ್ಧತಿಗಳಲ್ಲಿ, ಜಿಪಾನ್ ಆದ್ರೆ ಬರೋದಕ್ಕೆ 2.488 ಗಿಗಾಬಿಟ್, ಹೋಗೋದಕ್ಕೆ 1.244, ಅದನ್ನ ಸಾಮಾನ್ಯವಾಗಿ 32 ಅಥ್ವಾ 64 ಮನೆ ಹಂಚ್ಕೋತಾರೆ. ಇಪಾನ್ ಆದ್ರೆ ಎರಡೂ ಕಡೆ 1.25.

ಗಮನಿಸಿದ್ರಾ? ಒಂದಕ್ಕೆ ಇಪ್ಪತ್ತೈದು ಅಲ್ಲ, ಹೆಚ್ಚಂದ್ರೆ ಒಂದಕ್ಕೆ ಎರಡು. ಮೋಟಾರ್ ಕಿಡಿ, ಹ್ಯಾಮ್ ರೇಡಿಯೋ ಯಾವ್ದೂ ಗಾಜಿನ ಎಳೆ ಒಳಗೆ ಹೋಗಲ್ಲ. ಹಂಗಿದ್ಮೇಲೆ 200 ಡೌನ್‌ಲೋಡ್ ಪ್ಲ್ಯಾನಲ್ಲಿ ಅಪ್‌ಲೋಡ್ 20 ಅಂತ ಇದ್ರೆ ಅದು ತಂತಿ ಹೇಳಿದ್ದಲ್ಲ, ಆಪರೇಟರ್ ಆಫೀಸಿನ ಸರ್ವರಲ್ಲಿ ನಿಮ್ಮ ಯೂಸರ್ ಐಡಿ ಮುಂದೆ ಯಾರೋ ಟೈಪ್ ಮಾಡಿದ ಸಂಖ್ಯೆ. ಅವ್ರಿಗೂ ಕಾರಣ ಇರುತ್ತೆ, ಮೇಲಿನ ಕಂಪನಿಯಿಂದ ಬ್ಯಾಂಡ್‌ವಿಡ್ತ್ ಕೊಳ್ತಾರೆ, ಯಾರೋ ಒಬ್ರು ಮನೆ ಪ್ಲ್ಯಾನ್ ತಗೊಂಡು ಬಿಸಿನೆಸ್ ನಡ್ಸಬಾರ್ದು ಅಂತ ಇರುತ್ತೆ, ಕೇಳ್ಕೊಳ್ಳೋಣ. ಆದ್ರೆ ಟೆಕ್ನಿಕಲ್ ಅಂತ ಹೇಳೋದನ್ನ ಒಪ್ಪೋದು ಬೇಡ. ಅದೇ ತರದ ಫೈಬರ್ ಮೇಲೆ ಎರಡೂ ಕಡೆ ಒಂದೇ ಸ್ಪೀಡ್ ಕೊಡೋ ಪ್ಲ್ಯಾನುಗಳು ನಮ್ಮ ದೇಶದಲ್ಲೇ ಬೇಕಾದಷ್ಟಿವೆ.

ಸರ್ಕಾರದ ಕಡೆಯಿಂದ್ಲೂ ಒಂದು ಕೊರತೆ ಇದೆ, ನನಗೆ ಇದು ನಿಜವಾಗ್ಲೂ ಬೇಜಾರಿನ ವಿಷ್ಯ. ನಮ್ಮಲ್ಲಿ ಬ್ರಾಡ್‌ಬ್ಯಾಂಡ್ ಅಂದ್ರೆ ಏನು ಅನ್ನೋ ವ್ಯಾಖ್ಯೆ 2004ರಲ್ಲಿ 256 ಕೆಬಿಪಿಎಸ್, 2013ರಲ್ಲಿ 512, 2023ರ ಜನವರಿಯಲ್ಲಿ 2 ಎಂಬಿಪಿಎಸ್ ಆಯ್ತು. ಆ ಕನಿಷ್ಠ ಸ್ಪೀಡು ಡೌನ್‌ಲೋಡ್‌ಗೆ ಮಾತ್ರ, ಅಪ್‌ಲೋಡ್ ಇಷ್ಟಿರ್ಬೇಕು ಅಂತ ಅದ್ರಲ್ಲಿಲ್ಲ. ಅಮೆರಿಕದ ಎಫ್‌ಸಿಸಿ 2015ರಲ್ಲಿ ಡೌನ್‌ಲೋಡ್ 25 ಎಂಬಿಪಿಎಸ್‌ಗೆ ಅಪ್‌ಲೋಡ್ 3, 2024ರಲ್ಲಿ 100ಕ್ಕೆ 20 ಅಂತ ಎರಡನ್ನೂ ಬರೀತು. ಹಳೇ ಟಿವಿ ತಂತಿ ಇಟ್ಕೊಂಡು ಒದ್ದಾಡ್ತಿರೋ ದೇಶದೋರು ಅಪ್‌ಲೋಡ್‌ಗೆ ಕನಿಷ್ಠ ಬರೀಬಹುದಾದ್ರೆ ಹೊಸ ಫೈಬರ್ ಎಳ್ದಿರೋ ನಾವು ಯಾಕೆ ಬರೀಬಾರ್ದು? ಆ ತಂತಿನೋರು ಸಹ ಸುಮ್ನೆ ಕೂತಿಲ್ಲ, ಕಂಬಗಳ ಮೇಲಿನ ಆಂಪ್ಲಿಫೈಯರ್ ಎಲ್ಲಾ ಬದಲಾಯಿಸಿ ಅಪ್‌ಲೋಡ್ ಜಾಗವನ್ನ 42 ಮೆಗಾಹರ್ಟ್ಸ್‌ನಿಂದ 85ಕ್ಕೆ, 204ಕ್ಕೆ ಏರಿಸ್ತಿದ್ದಾರೆ, ಡಾಕ್ಸಿಸ್ 4.0ನಲ್ಲಿ 684ರವರೆಗೂ ಹೋಗ್ಬಹುದು.

ಇನ್ನು ಐಪಿ ವಿಷ್ಯ. ಇಲ್ಲಿ ಕಷ್ಟ ತಂತಿದಲ್ಲ, ನಂಬರ್‌ದು. ಐಪಿವಿ4 ಅನ್ನೋ ಹಳೇ ಪದ್ಧತಿಯ ಅಡ್ರೆಸ್ 32 ಬಿಟ್, ಒಟ್ಟು ಸುಮಾರು 430 ಕೋಟಿ, ಪ್ರಪಂಚದ ಜನಸಂಖ್ಯೆಗೇ ಸಾಲಲ್ಲ. ಪ್ರಪಂಚದ ಮುಖ್ಯ ದಾಸ್ತಾನು 2011ರ ಫೆಬ್ರವರಿ 3ಕ್ಕೆ ಖಾಲಿ ಆಯ್ತು, ಏಷ್ಯಾ ಪೆಸಿಫಿಕ್‌ಗೆ ಹಂಚೋ ಎಪಿನಿಕ್ ಅದೇ ವರ್ಷ ಏಪ್ರಿಲ್‌ನಲ್ಲಿ ಕೊನೇ ಬ್ಲಾಕ್‌ಗೆ ಬಂದು ರೇಷನ್ ಶುರು ಮಾಡ್ತು. 2019ರಿಂದ ಹೊಸದಾಗಿ ಬರೋ ಸಂಸ್ಥೆಗೆ ಅಲ್ಲಿ ಸಿಗೋದು ಗರಿಷ್ಠ 512 ಅಡ್ರೆಸ್ಸು. ಒಬ್ಬ ಹೊಸ ಆಪರೇಟರು 5000 ಮನೇಗೆ ಕನೆಕ್ಷನ್ ಕೊಟ್ಟಿದ್ರೆ ಅವ್ರು ಏನು ಮಾಡ್ಬೇಕು ಹೇಳಿ. ದುಡ್ಡು ಕೊಟ್ಟು ಮಾರ್ಕೆಟಲ್ಲಿ ಕೊಳ್ಬೇಕು, ಇಲ್ಲಾ ಹಂಚ್ಬೇಕು. ಹಂಚ್ತಾರೆ. ಹೊರಗೆ ಕಾಣೋ ಒಂದೇ ಐಪಿನ ಹಲವು ಮನೇಗೆ ಹೀಗೆ ಹಂಚೋದಕ್ಕೇ ಸಿಜಿನ್ಯಾಟ್ ಅನ್ನೋದು.

ದೊಡ್ಡ ಅಪಾರ್ಟ್‌ಮೆಂಟ್ ಅಂದ್ಕೊಳ್ಳಿ, ಹೊರಗಿನೋರಿಗೆ ಗೊತ್ತಿರೋದು ಗೇಟಿನ ವಿಳಾಸ ಒಂದೇ. ಒಳಗಿಂದ ನೀವು ಆರ್ಡರ್ ಮಾಡಿದ್ರೆ ವಾಚ್‌ಮನ್ ಬರ್ಕೊಂಡಿರ್ತಾನೆ, ಬಂದದ್ದನ್ನ ನಿಮ್ಮನೇಗೆ ಕಳಿಸ್ತಾನೆ. ಹೊರಗಿನೋರು ತಾವಾಗೇ ಬಂದು "ಮೂರನೇ ಮಹಡಿಯೋರನ್ನ ನೋಡ್ಬೇಕು" ಅಂದ್ರೆ ಪುಸ್ತಕದಲ್ಲಿ ಹೆಸರಿಲ್ಲ, ವಾಪಸ್. ಸಿಜಿನ್ಯಾಟ್ ಮಾಡೋದು ಅದೇ. ನಿಮ್ಮ ಮನೆ ರೌಟರ್ರೂ ಒಂದು ನ್ಯಾಟ್, ಅಂದ್ರೆ ಇದೇ ವಾಚ್‌ಮನ್ ಕೆಲ್ಸ, ಮಾಡುತ್ತೆ, ಆಪರೇಟರ್ ಇನ್ನೊಂದು ಮಾಡ್ತಾರೆ, ಮನೆ ರೌಟರಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದ್ರೂ, ಅಂದ್ರೆ ಹೊರಗಿಂದ ಬಂದೋರನ್ನ ಒಳಗೆ ಬಿಡು ಅಂತ ಬರ್ದಿಟ್ರೂ, ಮುಂದಿನ ಗೇಟು ನಿಮ್ಮ ಕೈಲಿಲ್ಲ.

ಇದು ನಿಮ್ಮನೇಲಿ ಇದೆಯಾ ಇಲ್ವಾ ಅಂತ ನೋಡೋದು ಸುಲಭ, ಈಗ್ಲೇ ಫೋನಲ್ಲಿ ಮಾಡ್ಬಹುದು. ರೌಟರ್ ಪೇಜು, ಸಾಮಾನ್ಯವಾಗಿ 192.168.1.1 ಅಥ್ವಾ 192.168.0.1, ಓಪನ್ ಮಾಡಿ ವ್ಯಾನ್ (WAN) ಐಪಿ ಅಂತ ಇರೋದನ್ನ, ಅಂದ್ರೆ ಆಪರೇಟರ್ ನಿಮ್ಮ ರೌಟರ್‌ಗೆ ಕೊಟ್ಟಿರೋ ನಂಬರನ್ನ, ಬರ್ಕೊಳ್ಳಿ. ಆಮೇಲೆ ಬ್ರೌಸರಲ್ಲಿ ನನ್ನ ಐಪಿ ಏನು ಅಂತ ಹುಡುಕಿ, ಬರೋ ಐಪಿವಿ4 ನಂಬರನ್ನ ಅದ್ರ ಜೊತೆ ಹೋಲಿಸಿ. ಎರಡೂ ಒಂದೇ ಆದ್ರೆ ನಿಮಗೆ ಪಬ್ಲಿಕ್ ಐಪಿ ಇದೆ. ಬೇರೆ ಬೇರೆ ಆಗಿದ್ದು ರೌಟರಲ್ಲಿ 100.64ರಿಂದ 100.127ರವರೆಗಿನ ನಂಬರ್ ಇದ್ರೆ, ಅದು 2012ರಲ್ಲಿ ಸಿಜಿನ್ಯಾಟ್‌ಗೇ ಅಂತ ಎತ್ತಿಟ್ಟ ಜಾಗ. ಕೆಲವು ಆಪರೇಟರ್‌ಗಳು 10ರಿಂದ ಶುರುವಾಗೋ ಪ್ರೈವೇಟ್ ನಂಬರೇ ಕೊಡ್ತಾರೆ, ಅರ್ಥ ಒಂದೇ.

(ಹಾಲ್‌ನಲ್ಲೇ ಸುಮಾರು ಜನ ನೋಡ್ಕೊಂಡ್ರು. ಹೆಚ್ಚಿನೋರದ್ದು 100 ಅಥ್ವಾ 10ರಿಂದ ಶುರುವಾಗೋದು.)

ಒಂದು ಪಬ್ಲಿಕ್ ಐಪಿಗೆ 65,536 ಪೋರ್ಟು, ಪೋರ್ಟ್ ಅಂದ್ರೆ ಕನೆಕ್ಷನ್ ಹೋಗಿ ಬರೋ ಬಾಗಿಲಿನ ನಂಬರ್ ಇದ್ದ ಹಾಗೆ. ಮೊದಲ 1024 ಬಿಟ್ಟು ಉಳಿದದ್ದನ್ನ 64 ಮನೇಗೆ ಹಂಚಿದ್ರೆ ಮನೇಗೆ 1008. ಕೇಳೋಕೆ ಜಾಸ್ತಿ ಅನ್ಸುತ್ತೆ, ಆದ್ರೆ ಐದಾರು ಫೋನು, ಟಿವಿ, ಲ್ಯಾಪ್‌ಟಾಪ್ ಇರೋ ಮನೇಲಿ ಒಂದೊಂದು ವೆಬ್ ಪೇಜೂ ಹತ್ತಾರು ಕನೆಕ್ಷನ್ ತೆಗೆಯುತ್ತೆ, ಆಪರೇಟರ್ ಇನ್ನೂ ಬಿಗಿ ಮಾಡಿ 200, 300ಕ್ಕೆ ಇಳಿಸಿದ್ರೆ ಪೇಜು ಅರ್ಧ ಓಪನ್ ಆಗಿ ನಿಲ್ಲುತ್ತೆ. ಆಗ ಸ್ಪೀಡ್ ಟೆಸ್ಟಲ್ಲಿ ಎಲ್ಲಾ ಸರಿ ಇರುತ್ತೆ, ಬಳಸೋಕೆ ಮಾತ್ರ ಆಗಲ್ಲ. ಇನ್ನೊಂದು, ನಿಮ್ಮ ಜೊತೆ ಐಪಿ ಹಂಚ್ಕೊಂಡಿರೋ ಯಾರದೋ ಕಂಪ್ಯೂಟರಲ್ಲಿ ವೈರಸ್ ಇದ್ರೆ ಆ ಐಪಿಗೆ ಕೆಟ್ಟ ಹೆಸರು ಬರುತ್ತೆ, ನೀವು ರೋಬೋಟ್ ಅಲ್ಲ ಅಂತ ಟ್ರಾಫಿಕ್ ಲೈಟು ಬಸ್ಸು ಗುರುತಿಸ್ತಾ ಕೂರೋದು ಎಷ್ಟೋ ಸಲ ಅದಕ್ಕೇನೇ.

ಹಿರಿಯರೊಬ್ರು ಕೇಳಿದ್ರು, "ಯಾರೋ ತಪ್ಪು ಮಾಡಿ ಪೊಲೀಸ್ನೋರು ನಮ್ಮನೇಗೆ ಬಂದ್ರೆ?" ಸಾರ್, ಇದು ಗಂಭೀರ ವಿಷ್ಯ. ಹಂಚಿದ ಐಪಿ ಇದ್ದಾಗ ಬರೀ ಐಪಿ ನಂಬರಿಂದ ಮನೆ ಗುರುತಿಸೋಕೆ ಆಗಲ್ಲ, ಯಾವ ಪೋರ್ಟು, ಯಾವ ಕ್ಷಣ ಅಂತ ಕೂಡ ಬೇಕು. ವೆಬ್‌ಸೈಟ್ ನಡ್ಸೋರು ಪೋರ್ಟ್ ನಂಬರನ್ನೂ ಲಾಗ್ ಮಾಡ್ಕೊಳ್ಳಿ ಅಂತ 2011ರಲ್ಲೇ ಇಂಟರ್ನೆಟ್ ಎಂಜಿನಿಯರ್‌ಗಳ ಸಮಿತಿ ಶಿಫಾರಸು ಮಾಡಿದೆ, ತುಂಬಾ ಕಡೆ ಇನ್ನೂ ಮಾಡಲ್ಲ. ನಮ್ಮಲ್ಲಿ ಲೈಸೆನ್ಸ್ ಷರತ್ತಿನ ಪ್ರಕಾರ ಆಪರೇಟರ್ ಯಾವ ಗ್ರಾಹಕರಿಗೆ ಯಾವಾಗ ಯಾವ ಐಪಿ ಕೊಟ್ಟಿದ್ರು ಅಂತ ದಾಖಲೆ ಇಟ್ಕೋಬೇಕು. ಆ ದಾಖಲೆ ಸರಿ ಇದ್ರೆ ನೀವು ಸೇಫು. ಅಂಥ ಸಂದರ್ಭ ಬಂದ್ರೆ ಪೋರ್ಟ್ ನಂಬರ್ ಇದೆಯಾ, ಸಮಯ ಯಾವ ಟೈಮ್ ಝೋನು ಅಂತ ವಕೀಲ್ರ ಮೂಲಕ ಕೇಳ್ಬೇಕು, ನಮ್ಮ ಸಮಯಕ್ಕೂ ಗ್ರೀನಿಚ್ ಸಮಯಕ್ಕೂ ಇರೋ ಐದೂವರೆ ಗಂಟೆ ವ್ಯತ್ಯಾಸದಲ್ಲಿ ಮನೆ ಬದಲಾಗ್ಬಿಡುತ್ತೆ.

ಸರಿ, ಮಗ ಅಮೆರಿಕದಲ್ಲಿದಾನೆ, ಮೈಸೂರಲ್ಲಿರೋ ಅಪ್ಪ ಅಮ್ಮನ ಮನೆ ಕ್ಯಾಮೆರಾ ನೋಡ್ಬೇಕು, ಏನು ದಾರಿ? ಕ್ಯಾಮೆರಾ ಕಂಪನಿಯ ಆ್ಯಪ್ ಕೆಲ್ಸ ಮಾಡುತ್ತೆ, ಯಾಕಂದ್ರೆ ಕ್ಯಾಮೆರಾನೇ ಒಳಗಿಂದ ಹೊರಗೆ ಕಂಪನಿ ಸರ್ವರ್‌ಗೆ ಕನೆಕ್ಟ್ ಆಗಿರುತ್ತೆ. ಆದ್ರೆ ನಿಮ್ಮ ಮನೆ ಒಳಗಿನ ಚಿತ್ರ ಯಾವುದೋ ದೇಶದ ಸರ್ವರ್ ಮೂಲಕ ಹಾದು ಹೋಗ್ಬಹುದು, ಅದು ಬೇಕಾ ಅಂತ ಯೋಚನೆ ಮಾಡಿ. ಎರಡು ಕಡೆಯ ಮಧ್ಯೆ ಇಂಟರ್ನೆಟ್ ಮೇಲೇ ಖಾಸಗಿ ಸುರಂಗ ಮಾಡೋ ಸಾಫ್ಟ್‌ವೇರು, ಟೇಲ್‌ಸ್ಕೇಲ್ ತರದ್ದು ಅಥ್ವಾ ಒಂದು ಚಿಕ್ಕ ಬಾಡಿಗೆ ಸರ್ವರ್ ತಗೊಂಡು ವೈರ್‌ಗಾರ್ಡ್, ಹಾಕೋದು ಇನ್ನೊಂದು ದಾರಿ, ಅದ್ರಲ್ಲಿ 25 ಸೆಕೆಂಡಿಗೊಮ್ಮೆ ಒಂದು ಖಾಲಿ ಪ್ಯಾಕೆಟ್ ಕಳ್ಸೋ ಸೆಟ್ಟಿಂಗ್ ಇಡ್ಬೇಕು, ಇಲ್ಲಾಂದ್ರೆ ಸಿಜಿನ್ಯಾಟ್ ನಿಮ್ಮ ನೆನಪನ್ನ ಅಳಿಸ್ಬಿಡುತ್ತೆ. ಆಪರೇಟರ್‌ಗೆ ಹೆಚ್ಚುವರಿ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದ್ರೆ ನಿಮಗೊಬ್ರಿಗೇ ಇರೋ ಬದಲಾಗದ ಪಬ್ಲಿಕ್ ಐಪಿ, ತಗೊಳ್ಳೋದು ಮೂರನೇದು. ಯಾವ್ದೇ ಮಾಡಿದ್ರೂ ಡಿವಿಆರ್‌ನ, ಅಂದ್ರೆ ಕ್ಯಾಮೆರಾ ರೆಕಾರ್ಡ್ ಮಾಡೋ ಡಬ್ಬಿಯ, ಪೋರ್ಟನ್ನ ನೇರ ಇಂಟರ್ನೆಟ್‌ಗೆ ತೆರೆದಿಟ್ಟು, ಪಾಸ್‌ವರ್ಡ್ ಅಡ್ಮಿನ್ ಅಂತಲೇ ಬಿಡ್ಬೇಡಿ. 2016ರಲ್ಲಿ ಮಿರೈ ಅನ್ನೋ ವೈರಸ್ಸು ಹಿಂಗೇ ಬಿಟ್ಟಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನ ಹಿಡ್ಕೊಂಡು ಅಕ್ಟೋಬರ್ 21ರಂದು ವೆಬ್‌ಸೈಟ್ ಹೆಸರಿಗೆ ಐಪಿ ಹುಡುಕಿ ಕೊಡೋ ಡಿನ್ ಅನ್ನೋ ಕಂಪನಿ ಮೇಲೆ ದಾಳಿ ಮಾಡಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲಾ ಗಂಟೆಗಟ್ಟಲೆ ಸಿಗದ ಹಾಗೆ ಮಾಡ್ತು.

ಕ್ಯಾಮೆರಾ ಅಂದಾಗ ಲೆಕ್ಕ ಒಂದು ನೆನಪಿಡಿ. ಒಂದು ಕ್ಯಾಮೆರಾ 2 ಎಂಬಿಪಿಎಸ್‌ನಲ್ಲಿ ಹಗಲು ರಾತ್ರಿ ಕ್ಲೌಡ್‌ಗೆ ಕಳಿಸ್ತಿದ್ರೆ ದಿನಕ್ಕೆ 21.6 ಜಿಬಿ, ತಿಂಗಳಿಗೆ 648. ನಾಲ್ಕು ಕ್ಯಾಮೆರಾ ಅಂದ್ರೆ 2592 ಜಿಬಿ. ಅನ್‌ಲಿಮಿಟೆಡ್ ಅಂತ ಇರೋ ಎಷ್ಟೋ ಪ್ಲ್ಯಾನಲ್ಲಿ ತಿಂಗಳಿಗೆ 3300 ಜಿಬಿ ಸುಮಾರಿಗೆ ಎಫ್‌ಯುಪಿ, ಅಂದ್ರೆ ದಾಟಿದ್ರೆ ಸ್ಪೀಡ್ ಇಳಿಸೋ ಮಿತಿ, ಇರುತ್ತೆ, ಅಪ್‌ಲೋಡ್ ಕೂಡ ಅದ್ರಲ್ಲೇ ಸೇರಿದ್ರೆ ತಿಂಗಳ ಕೊನೇಲಿ ಸ್ಪೀಡ್ ಬಿದ್ದು ಹೋದಾಗ ಯಾರು ತಿಂದ್ರು ಅಂತ ಹುಡುಕ್ತಾ ಕೂರ್ತೀರಾ. ಚಲನೆ ಕಂಡಾಗ ಮಾತ್ರ ಕಳ್ಸೋ ಸೆಟ್ಟಿಂಗ್ ಹಾಕಿ, ಉಳಿದದ್ದು ಮನೇಲೇ ಮೆಮೊರಿ ಕಾರ್ಡಲ್ಲಿ ಇರ್ಲಿ.

ಐಪಿ ಹಂಚೋ ಈ ಕಷ್ಟಕ್ಕೆಲ್ಲಾ ನಿಜವಾದ ಪರಿಹಾರ ಐಪಿವಿ6, ಅಡ್ರೆಸ್ಸಿನ ಹೊಸ ಪದ್ಧತಿ. ಇದ್ರ ಬಗ್ಗೆ ಮಾತಾಡೋವಾಗ ನನಗೆ ಉತ್ಸಾಹ ಜಾಸ್ತಿ ಆಗುತ್ತೆ, ಯಾಕಂದ್ರೆ ಇದು ಬೇರೆ ದೇಶದ ಕನಸಲ್ಲ, 2016ರಲ್ಲಿ ಜಿಯೋ ಶುರುವಾದಾಗಿಂದ ನಮ್ಮ ಮೊಬೈಲುಗಳಲ್ಲಿ ಐಪಿವಿ6 ಓಡ್ತಾ ಇದೆ, ಈ ವಿಷ್ಯದಲ್ಲಿ ಭಾರತ ಪ್ರಪಂಚದಲ್ಲೇ ಮುಂದಿನ ಸಾಲಲ್ಲಿದೆ. ಅಡ್ರೆಸ್ ಕೊರತೆ ಅನ್ನೋ ಮಾತೇ ಅಲ್ಲಿಲ್ಲ. ಆಪರೇಟರ್‌ಗೆ ಸಿಗೋ ಒಂದು ಸಾಮಾನ್ಯ ಬ್ಲಾಕನ್ನ ಮನೇಗೆ 256 ನೆಟ್‌ವರ್ಕ್ ಅನ್ನೋ ಧಾರಾಳ ಲೆಕ್ಕದಲ್ಲಿ ಹಂಚಿದ್ರೂ 1 ಕೋಟಿ 67 ಲಕ್ಷ ಮನೇಗೆ ಸಾಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲಿದ್ದ ಕುಟುಂಬಗಳು ಸುಮಾರು 1 ಕೋಟಿ 30 ಲಕ್ಷ. ಅಂದ್ರೆ ಒಬ್ಬ ಆಪರೇಟರ ಒಂದು ಬ್ಲಾಕಿನಲ್ಲಿ ಇಡೀ ರಾಜ್ಯ ಮುಗಿದು ಇನ್ನೂ ಮಿಕ್ಕುತ್ತೆ. ನಿಮ್ಮ ಜೇಬಲ್ಲಿರೋ ಫೋನಿಗೆ ಸಿಕ್ಕಿರೋದು ಮನೆ ಫೈಬರ್‌ಗೆ ಸಿಕ್ಕಿಲ್ಲ ಅಂದ್ರೆ ಅದು ನಂಬರ್ ಕೊರತೆ ಅಲ್ಲ, ಆಪರೇಟರ್ ಕಡೆ ಕಾನ್ಫಿಗರ್ ಮಾಡೋಕೆ ಯಾರೂ ಕೂತಿಲ್ಲ ಅಷ್ಟೇ, ಕೆಲವು ಸಲ ಅವ್ರು ಕೊಟ್ಟಿದ್ರೂ ನಿಮ್ಮ ರೌಟರಲ್ಲೇ ಆಫ್ ಇರುತ್ತೆ, ಮೊದ್ಲು ಅದನ್ನ ನೋಡಿ. ಆನ್ ಮಾಡಿದ ಮೇಲೆ ಹೊರಗಿನೋರನ್ನ ತಡೆಯೋ ರೌಟರಿನ ಐಪಿವಿ6 ಫೈರ್‌ವಾಲ್ ಆನ್ ಇದೆಯಾ ಅಂತ್ಲೂ ನೋಡಿ, ಇಲ್ಲಿ ನ್ಯಾಟ್ ಅಡ್ಡ ಇರಲ್ಲ, ಬಾಗಿಲು ಯಾವ್ದು ತೆರೀಬೇಕು ಅನ್ನೋದು ನಿಮ್ಮ ಜವಾಬ್ದಾರಿ.

ಕೊನೇಲಿ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸೆಕ್ರೆಟರಿ ಕೇಳಿದ್ದು, "ನಮ್ಮ ಬಿಲ್ಡಿಂಗಲ್ಲಿ ಎಗ್ರಿಮೆಂಟ್ ರಿನ್ಯೂ ಮಾಡೋ ಟೈಮ್ ಬಂದಿದೆ ಸಾರ್, ಏನು ಹಾಕಿಸ್ಬೇಕು?" ಡೌನ್‌ಲೋಡ್ ಪಕ್ಕದಲ್ಲೇ ಅಪ್‌ಲೋಡ್ ಸಂಖ್ಯೆ ಬರ್ಸಿ, ಎಫ್‌ಯುಪಿಯಲ್ಲಿ ಅಪ್‌ಲೋಡ್ ಸೇರುತ್ತಾ, ಮುಗಿದ ಮೇಲೆ ಎರಡೂ ಎಷ್ಟಕ್ಕೆ ಇಳಿಯುತ್ತೆ ಅಂತ ಬರ್ಸಿ. ಐಪಿವಿ6 ಎಲ್ಲಾ ಮನೇಗೂ ಆನ್ ಇರ್ಬೇಕು, ಅದಕ್ಕೆ ದುಡ್ಡು ಇರಬಾರ್ದು. ಸಿಜಿನ್ಯಾಟ್ ಇದ್ರೆ ಮನೇಗೆ ಎಷ್ಟು ಪೋರ್ಟು ಅಂತ ಕೇಳಿ, ಉತ್ತರ ಗೊತ್ತಿಲ್ಲ ಅಂದ್ರೆ ಅವ್ರ ನೆಟ್‌ವರ್ಕ್ ಎಂಜಿನಿಯರ್ ನಂಬರ್ ತಗೊಳ್ಳಿ. ಸ್ಟ್ಯಾಟಿಕ್ ಐಪಿ ಬೇಕಾದ ಮನೆಗಳಿಗೆ ರೇಟು ಈಗ್ಲೇ ಫಿಕ್ಸ್ ಮಾಡ್ಸಿ, ಆಮೇಲೆ ಒಬ್ಬೊಬ್ರಿಗೆ ಒಂದೊಂದು ರೇಟ್ ಹೇಳ್ತಾರೆ. ಫೈಬರ್ ಜಿಪಾನಾ ಇಪಾನಾ, ನಿಮ್ಮ ಕಡೆಯಿಂದ ಬರೋ ಒಂದು ಫೈಬರ್ ಎಳೆಗೆ ಎಷ್ಟು ಮನೆ ಹಾಕ್ತೀರಾ, ಇದನ್ನೂ ಕೇಳಿ, 32 ಅಂದ್ರೆ ಒಳ್ಳೇದು. ಸೆಕ್ರೆಟರಿಯವ್ರು ಇದನ್ನೆಲ್ಲಾ ಬರ್ಕೊಂಡ್ರು, ಪಕ್ಕದ ಬಿಲ್ಡಿಂಗ್‌ನೋರೂ ಅದೇ ಆಪರೇಟರಂತೆ, ಇಬ್ರೂ ಸೇರಿ ಒಂದೇ ಪತ್ರ ಕೊಡೋದು ಅಂತ ಅಲ್ಲೇ ಮಾತಾಡ್ಕೊಂಡ್ರು.